ಕಾಡಿನೂರುಗಳ ದನಿಯಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪೇಟೆಯ ದೋಣಿಕಟ್ಟೆಯ ಹಿಂದಿನ ತಗಡಿನ ಕೋಣೆಯಲ್ಲಿ ಆಕೆ ಮೇಜಿನ ತೇವ ಒರೆಸಿ, ರೇಡಿಯೊ ಪೆಟ್ಟಿಗೆಯ ಗುಂಡಿ ತಿರುಗಿಸುತ್ತಾರೆ. ಗೊರಗೊರ ಸದ್ದು. ಗಂಟಲು ಸರಿಮಾಡಿಕೊಂಡು ಮೈಕನ್ನು ಬಾಯಿಯ ಹತ್ತಿರ ತರುತ್ತಾರೆ.

"ಕೆಳಗಿನೂರು, ಎದ್ರಾ? ಜ್ವರ ಬಂದಿದ್ದ ಮಗು ಹೇಗಿದೆ?"

"ಗಂಜಿ ಬೇಡ ಅಂತ ಹಟ ಮಾಡ್ತಿದೆ ದನಿಯಮ್ಮ."

"ಹಟ ಮಾಡ್ತಿದೆ ಅಂದ್ರೆ ಗುಣ ಆಯ್ತು ಬಿಡಿ."

ಮಳೆಕಾಡಿನ ಒಳಗೆ ನದಿಯುದ್ದಕ್ಕೂ ಚದುರಿಕೊಂಡ ಈ ಹಳ್ಳಿಗಳಿಗೆ ರಸ್ತೆಯಿಲ್ಲ, ಫೋನೂ ಸಿಗದು. ಸೇವಾಸಂಸ್ಥೆಯೊಂದು ಅಲ್ಲಿನವರ ಜೊತೆಗೂಡಿ ಕೆಲಸ ಮಾಡುತ್ತಿದೆ. ಮರ ಉರುಳಿಸದೆ ಜೇನು ಮತ್ತು ಕಾಡುಬೀಜಗಳಿಂದಲೇ ಬದುಕು ಕಟ್ಟಿಕೊಳ್ಳುವುದು, ಮನೆಮನೆಗೆ ಸೌರದೀಪ, ಸೂಲಗಿತ್ತಿಯರಿಗೆ ತರಬೇತಿ, ಹೀಗೆ. ಬೀಜ ಒಣಗಿಸುವ ಚಪ್ಪರದಿಂದ ಹಿಡಿದು ಹೊಸ ದೋಣಿಯವರೆಗೆ ಎಲ್ಲದರ ಫೋಟೊ ಸಂಸ್ಥೆಯ ಗೋಡೆಯ ಮೇಲಿದೆ. ಹಳ್ಳಿಗಳನ್ನೆಲ್ಲ ಒಂದಕ್ಕೊಂದು ಬೆಸೆಯುವ ದನಿಯಮ್ಮನದು ಮಾತ್ರ ಇಲ್ಲ.

ಹಳ್ಳಿಗಳಲ್ಲೂ ಆಕೆಯ ಮುಖ ಕಂಡವರು ಅಪರೂಪ. ಒಮ್ಮೆ ಪೇಟೆಗೆ ಇಳಿದುಬಂದ ಜೇನು ಕೀಳುವವನೊಬ್ಬ ಇದೇ ಕೋಣೆಯ ಬಾಗಿಲಲ್ಲಿ ನಿಂತು, "ದನಿಯಮ್ಮ ಎಲ್ಲಿ?" ಎಂದು ಆಕೆಯನ್ನೇ ಕೇಳಿದ್ದನಂತೆ. "ನಾನೇ ಅಂದೆ. ಮೇಲಿಂದ ಕೆಳಗೆ ನೋಡಿ, 'ಅಯ್ಯೋ, ಇಷ್ಟೇನಾ?' ಅಂದುಬಿಟ್ಟ!" ಎಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ.

ಹುಟ್ಟಿದ್ದು ನದಿಯ ಮೇಲ್ತುದಿಯ ಕಟ್ಟಕಡೆಯ ಹಳ್ಳಿಯಲ್ಲಿ. ಹರೆಯದಲ್ಲಿ ಸಂಸ್ಥೆಯ ಅಡುಗೆ ಕೆಲಸಕ್ಕೆಂದು ಇಳಿದು ಬರುವಾಗ ದೋಣಿ ಬಂಡೆಗೆ ಬಡಿದು ಸೊಂಟದ ಮೂಳೆ ಮುರಿಯಿತು. ಮೂಳೆಯೇನೋ ಕೂಡಿತು. ಆದರೆ ಆ ಕಿರಿದಾದ ದೋಣಿಯಲ್ಲಿ ದಿನಗಟ್ಟಲೆ ಮಡಚಿ ಕೂರುವ ಶಕ್ತಿ ಮತ್ತೆ ಬರಲಿಲ್ಲ. ಕಾಡಿನ ಮಾತೂ ಪೇಟೆಯ ಮಾತೂ ಬಲ್ಲವಳೆಂದು ಸಂಸ್ಥೆಯವರು ರೇಡಿಯೊ ಮುಂದೆ ಕೂರಿಸಿದರು. ಅಂದು ಕೂತವರು ಇನ್ನೂ ಎದ್ದಿಲ್ಲ.

ಕೆಲವು ಮಳೆಗಾಲಗಳ ಹಿಂದೆ ಮರದ ವ್ಯಾಪಾರಿಗಳು ಕೆಳಗಿನೂರಿಗೆ ಬಂದು, "ಮೇಲಿನ ಊರುಗಳೆಲ್ಲ ಕಾಡು ಕಡಿಯೋಕೆ ಒಪ್ಪಿದಾವೆ. ನೀವೊಬ್ಬರೇ ಉಳಿದಿರೋದು" ಎಂದು ಹಿರಿಯರ ತಲೆ ಕೆಡಿಸಿದ್ದರು. ಊರಿನ ಮುಖ್ಯಸ್ಥೆ ಗಾಬರಿಯಿಂದ ರೇಡಿಯೊ ಹಿಡಿದು, "ಹೌದೇನೇ ತಂಗಿ?" ಎಂದಳು. ದನಿಯಮ್ಮ ಒಂದೊಂದಾಗಿ ಎಲ್ಲ ಹಳ್ಳಿಗಳನ್ನೂ ಕರೆದರು. "ಒಪ್ಪಿಲ್ಲ", "ನಾವೂ ಇಲ್ಲ", "ಯಾರು ಹಾಗಂದದ್ದು?" ಎಂಬ ಉತ್ತರಗಳು ವ್ಯಾಪಾರಿಗಳ ಎದುರಿಗೇ ಪೆಟ್ಟಿಗೆಯಿಂದ ಹೊರಬಿದ್ದವು. ಅವರು ಪೆಚ್ಚುಮೋರೆ ಹಾಕಿಕೊಂಡು ದೋಣಿ ಹತ್ತಿದರು. ಆ ಕಾಡು ಇವತ್ತಿಗೂ ನಿಂತಿದೆ.

"ನಾನೇನು ಮಾಡಿದೆ? ಅವರವರ ಮಾತು ಅವರವರಿಗೆ ಕೇಳಿಸಿದೆ, ಅಷ್ಟೇ" ಎನ್ನುತ್ತಾರೆ.

ಎಲ್ಲ ಊರುಗಳ ಸರದಿ ಮುಗಿದ ಮೇಲೆ ಕೊನೆಯ ಊರನ್ನು ಕರೆಯುತ್ತಾರೆ. ಅಲ್ಲಿ ರೇಡಿಯೊ ನೋಡಿಕೊಳ್ಳುವವಳು ಅವರ ಒಡಹುಟ್ಟಿದ ಅಕ್ಕ. ದಿನಾ ದನಿ ಕೇಳುವ ಈ ಇಬ್ಬರು ಮುಖ ನೋಡಿಕೊಂಡು ಎಷ್ಟೋ ವರ್ಷಗಳಾಗಿವೆ. "ಅವಳಿಗೂ ತಲೆ ನೆರೆತಿರಬೇಕು. ಕೇಳಿದ್ರೆ ಇಲ್ಲ ಅಂತಾಳೆ. ಸುಳ್ಳಿ" ಎಂದು ಕಿಟಕಿಯಾಚೆ ಹರಿಯುವ ನೀರನ್ನು ನೋಡುತ್ತಾರೆ.

ತಾಯಿ ತೀರಿಕೊಂಡ ಸುದ್ದಿಯೂ ಇದೇ ಪೆಟ್ಟಿಗೆಯಿಂದ ಬಂದದ್ದು. ಅಕ್ಕ ಹೇಳಿದ್ದು ಒಂದೇ ಮಾತು: "ಅಮ್ಮ ಹೋದ್ಲು ಕಣೇ." ನದಿಯ ಎಲ್ಲ ಊರುಗಳೂ ಕೇಳಿಸಿಕೊಳ್ಳುತ್ತಿದ್ದವು. "ಜೋರಾಗಿ ಅಳೋಕೂ ನಾಚಿಕೆ. ಬೆಳಗಿನ ಕೆಲಸ ಬಾಕಿ ಇತ್ತು. ಗುಂಡಿ ಒತ್ತಿದೆ, ಮಾತು ಹೊರಡಲಿಲ್ಲ. ಆಗ ಕೆಳಗಿನೂರಿನ ಮುಖ್ಯಸ್ಥೆ, 'ಇವತ್ತು ನೀನು ಸುಮ್ಮನಿರು ತಂಗಿ, ನಾವೇ ಮಾತಾಡ್ಕೋತೀವಿ' ಅಂದ್ಲು." ಆ ಬೆಳಗ್ಗೆ ಹಳ್ಳಿಗಳೇ ಒಂದನ್ನೊಂದು ವಿಚಾರಿಸಿಕೊಂಡವಂತೆ.

ಸಂಸ್ಥೆಯವರೀಗ ಕಾಲು ಚಾಚಿ ಮಲಗಬಹುದಾದ ಅಗಲ ದೋಣಿ ತಂದಿದ್ದಾರೆ. ಮಳೆಗಾಲ ಮುಗಿದ ಮೇಲೆ ಅಕ್ಕನ ಊರಿಗೆ ಕರೆದೊಯ್ಯುವುದಾಗಿ ಹೇಳಿದ್ದಾರೆ. ಅಲ್ಲಿ ಹೋಗಿ ಮೊದಲು ಏನು ಮಾಡುತ್ತೀರಿ ಎಂದು ಕೇಳಿದೆ.

"ರೇಡಿಯೊದಲ್ಲಿ ಒಬ್ಬರು ಮಾತಾಡ್ತಿದ್ರೆ ಇನ್ನೊಬ್ಬರು ಕಾಯಬೇಕು ನೋಡಿ. ಅಕ್ಕನ ಜೊತೆ ಒಂದ್ಸಲ ಇಬ್ಬರೂ ಒಟ್ಟಿಗೇ ಮಾತಾಡಬೇಕು. ಅವಳದು ನನಗೆ, ನನ್ನದು ಅವಳಿಗೆ ಒಂದಕ್ಷರ ಕೇಳಿಸದಿದ್ರೂ ಚಿಂತೆಯಿಲ್ಲ."