ಡಾಕ್ಟರ ರಜೆಯ ಫೋಟೊ

ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಮುಖ ಊದತೊಡಗಿತು. ಚಿಕ್ಕಬಳ್ಳಾಪುರದ ಡಾಕ್ಟರು ಬೆಂಗಳೂರಿಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಮಕ್ಕಳ ಕಿಡ್ನಿ ನೋಡುವ ಡಾಕ್ಟರು ಹೇಳಿಕೊಟ್ಟಂತೆ ದಿನಾ ಬೆಳಿಗ್ಗೆ ಅವಳ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಕಾಯಿಸುತ್ತಿದ್ದೆ. ತಿಳಿಯಾಗಿದ್ದರೆ ಸರಿ, ಒಡೆದ ಹಾಲಿನಂತಾದರೆ ಕಾಯಿಲೆ ಮರುಕಳಿಸಿದೆ ಎಂದರ್ಥ. ತಿಂಗಳಿಗೊಮ್ಮೆ ಶಿಡ್ಲಘಟ್ಟದಿಂದ ಬಸ್ಸು ಹತ್ತುತ್ತಿದ್ದೆವು. ಡಾಕ್ಟರು ಒಮ್ಮೆಯೂ ನಕ್ಕಿದ್ದನ್ನು ನೋಡಿರಲಿಲ್ಲ.

ಒಂದು ಸಲ ಕೊಳವೆ ಬೆಳ್ಳಗಾಯಿತು. ಕಣ್ಣು ಬಿಡಲಾಗದಷ್ಟು ಊದಿದ್ದ ಮಗಳನ್ನು ಎತ್ತಿಕೊಂಡು ಓಡಿದೆವು. ಡಾಕ್ಟರು ರಜೆ. ಕಿರಿಯ ಡಾಕ್ಟರೊಬ್ಬಳು ಫೋನಿನಲ್ಲಿ ಯಾರನ್ನೋ ಕೇಳಿ ಅಡ್ಮಿಟ್ ಮಾಡಿಕೊಂಡಳು. ಐದು ದಿನಕ್ಕೆ ಮನೆಗೆ ಬಂದೆವು.

ಆಮೇಲೆ ನಾದಿನಿ ಒಂದು ದಿನ ಸೈಬರ್ ಸೆಂಟರಿಗೆ ಕರೆದಳು. ಆಗ ಕಾಲೇಜಿನವರೆಲ್ಲ ಅಂತರ್ಜಾಲದಲ್ಲಿ ತಮ್ಮ ಪುಟ ಮಾಡಿಕೊಂಡು ಫೋಟೊ ಹಾಕುತ್ತಿದ್ದರು.

"ಅತ್ತಿಗೆ, ನಿಮ್ಮ ಡಾಕ್ಟ್ರು ಸಿಕ್ಕಿದ್ರು ನೋಡಿ."

ಸಮುದ್ರದ ದಡದಲ್ಲಿ ಚಡ್ಡಿ ಹಾಕಿಕೊಂಡು, ನನ್ನ ಮಗಳಷ್ಟೇ ದೊಡ್ಡ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಿದ್ದರು. ಕೆಳಗೆ ತಾರೀಕು. ನಾವು ಅಡ್ಮಿಟ್ ಆದ ದಿನವೇ.

ಜೊತೆಗೆ ಬಂದಿದ್ದ ನನ್ನ ಗಂಡ ಪರದೆಯನ್ನೇ ನೋಡಿದರು. "ನಮ್ಮ ಮಗು ಅಲ್ಲಿ ಒದ್ದಾಡ್ತಿದ್ರೆ ಇವನು ಇಲ್ಲಿ ನಗ್ತಾವ್ನಲ್ಲೇ! ಬೇರೆ ಡಾಕ್ಟ್ರನ್ನ ನೋಡಣ."

ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಆ ಹುಡುಗಿಯ ಕೆನ್ನೆ ಊದಿಲ್ಲ ಎನ್ನುವುದಷ್ಟೇ ಕಂಡಿತು.

ಮುಂದಿನ ತಿಂಗಳು ಗಂಡ ಬರಲಿಲ್ಲ. ಮಗಳನ್ನು ಕರೆದುಕೊಂಡು ಅದೇ ಡಾಕ್ಟರ ಹತ್ತಿರವೇ ಹೋದೆ. ದಿನಾ ಕೊಳವೆಯಲ್ಲಿ ಕಂಡದ್ದನ್ನು ನಾನು ಬರೆದಿಟ್ಟ ಪುಸ್ತಕವನ್ನು ಅವರು ನೋಡುತ್ತಿದ್ದಾಗ ಬಾಯಿಂದ ಬಂದೇಬಿಟ್ಟಿತು.

"ಸಾರ್, ಮಗು ಊದ್ಕೊಂಡಿದ್ದ ದಿನ ನೀವು ಸಮುದ್ರಕ್ಕೆ ಹೋಗಿದ್ರಿ. ಕಂಪ್ಯೂಟರ್‌ನಲ್ಲಿ ನೋಡಿದ್ವಿ."

ಅವರ ಪೆನ್ನು ನಿಂತಿತು. "ಹೌದಮ್ಮ. ನನ್ನ ಮಗಳ ಹುಟ್ಟಿದಬ್ಬ," ಎಂದರು. ಮತ್ತೆ, "ಅವತ್ತು ಫೋನಲ್ಲಿ ಔಷಧಿ ಹೇಳಿದ್ದು ನಾನೇ," ಎಂದರು. ಗುಟ್ಟು ಒಪ್ಪಿಸುವವರಂತೆ ದನಿ ಇಳಿಸಿದ್ದರು. ನಾನು ಸರಿ ಎಂದೆ. ಅವರು ಒಂದು ಮಾತ್ರೆ ಕಡಿಮೆ ಮಾಡಿದರು.

ಗಂಡನಿಗೆ ಇದನ್ನು ಹೇಳಿದೆ. "ಹಂಗಂದ್ರಾ," ಎಂದರು. ಬೇರೆ ಡಾಕ್ಟರ ಮಾತು ಮತ್ತೆ ಎತ್ತಲಿಲ್ಲ.

ವಾರ ಕಳೆದ ಮೇಲೆ ನಾದಿನಿ ಹೇಳಿದಳು, "ಫೋಟೊ ಎಲ್ಲ ತೆಗೆದ್ಬಿಟ್ಟವ್ರೆ ಅತ್ತಿಗೆ."

ಇನ್ನೂ ಮೂರು ವರ್ಷ ಅವರ ಬಳಿಯೇ ಹೋದೆವು. ಕಾಯಿಲೆ ಬಿಟ್ಟಿತು. ಕೊನೆಯ ಸಲ ಅವರು ಮಗಳ ತಲೆ ಸವರಿ, "ಇನ್ನು ಬರೋದು ಬೇಡ ಪುಟ್ಟ," ಎಂದರು. ಅವರ ಮಗಳು ಹೇಗಿದ್ದಾಳೆ ಎಂದು ಕೇಳಬೇಕೆಂದುಕೊಂಡೆ. ಕೇಳದೆಯೇ ಚೀಟಿ ಮಡಿಸಿಕೊಂಡು ಎದ್ದೆ.