ಮೂಡಲಗಿ ಬಸ್ಸಿನ ಡಬ್ಬಿ

ಗೋಕಾಕದ ಬಾಡಿಗೆ ಕೋಣೆಯಲ್ಲಿ ಕೂತು ನಾನು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಪುಟ್ಟ ಸ್ಕ್ರಿಪ್ಟಿಂಗ್ ಭಾಷೆ ಕಟ್ಟುತ್ತಿದ್ದೆ. ಹುಕ್ಕೇರಿಯ ಗೆಳೆಯನೊಬ್ಬ ಫೋನಿನಲ್ಲೇ ಜೊತೆಗಿದ್ದ. ಕಂಪ್ಯೂಟರಿನಲ್ಲಿ ಒಟ್ಟಿಗೇ ನಡೆಯುವ ಎರಡು ಕೆಲಸಗಳು ಒಂದಕ್ಕೊಂದು ಮಾಹಿತಿ ಮುಟ್ಟಿಸಲು ನಡುವೆ ಒಂದು ದಾರಿ ಬೇಕು. ಅದಕ್ಕೆ ಚಾನೆಲ್ ಅನ್ನುತ್ತಾರೆ. ಹೆಚ್ಚು ಮಾತು ನನಗೆ ಆಗಿಬರುವುದಿಲ್ಲ, ಭಾಷೆ ಕಟ್ಟುವಾಗಲೂ ಅಷ್ಟೇ. ಎರಡೇ ಪದ ಸಾಕೆಂದು ಹಟ ಹಿಡಿದೆ: ‘ಕಳಿಸು’, ‘ತಗೋ’. ಕಳಿಸಿದ್ದು ಆಚೆ ಮುಟ್ಟುವವರೆಗೆ ಕಳಿಸಿದವನು ಮುಂದಿನದಕ್ಕೆ ಕೈಹಾಕಬಾರದು. ತಗೊಳ್ಳುವವನು ಬರುವತನಕ ಕಾಯಬೇಕು.

ಇದನ್ನು ನಾನು ಓದಿ ಕಲಿತದ್ದಕ್ಕಿಂತ ಉಂಡು ಕಲಿತದ್ದೇ ಹೆಚ್ಚು. ಮೂಡಲಗಿಯಲ್ಲಿರುವ ಅಕ್ಕ ಸೋಮವಾರ, ಗುರುವಾರ ಮುಂಜಾನೆಯ ಬಸ್ಸಿನ ಡ್ರೈವರ್ ಕೈಗೆ ಬುತ್ತಿ ಡಬ್ಬಿ ಕೊಡುತ್ತಿದ್ದಳು. ನಮ್ಮ ಕಡೆ ರೊಟ್ಟಿ ಊರೂರಿಗೆ ಹೀಗೇ ಹೋಗುತ್ತವೆ, ಟಿಕೀಟಿಲ್ಲದೆ. ನಾನು ಸ್ಟ್ಯಾಂಡಿನಲ್ಲಿ ಇಸಿದುಕೊಂಡು, ಉಂಡು, ಡಬ್ಬಿ ತೊಳೆದು ಸಂಜೆ ಬಸ್ಸಿಗೆ ವಾಪಸ್ ಕೊಡುತ್ತಿದ್ದೆ. ಖಾಲಿ ಡಬ್ಬಿ ಕಳಿಸಬಾರದೆಂದು ಒಳಗೆ ಕರದಂಟಿನ ಒಂದೆರಡು ತುಂಡು ಇಡುತ್ತಿದ್ದೆ. ಡಬ್ಬಿ ಮನೆ ಮುಟ್ಟಿತೆಂದರೆ ಅಕ್ಕ ಮತ್ತೆ ಹಿಟ್ಟು ನಾದುತ್ತಿದ್ದಳು. ಫೋನ್ ಮಾಡುವ ಗೊಡವೆಯೇ ಇರಲಿಲ್ಲ.

ಗೆಳೆಯ ಮೂರನೆಯ ಪದ ಬೇಕೇ ಬೇಕು ಎನ್ನುತ್ತಿದ್ದ: ‘ಮುಗೀತು’. ಮದುವೆ ಮನೆಯಲ್ಲಿ ಎಲೆ ಎತ್ತುವುದನ್ನೂ ಡಂಗುರ ಸಾರಬೇಕೇನು ಎಂದು ಕಾಡಿಸಿದೆ. ಅವನು ನಗಲಿಲ್ಲ.

“ಇನ್ನ ಬರಂಗಿಲ್ಲ ಅಂತ ಯಾರೂ ಹೇಳಲಿಲ್ಲಂದ್ರ, ಕಾಯಾವ ಕಾಯಕೋತನ ಕುಂದರತಾನಲ್ಲೋ,” ಅಂದ.

ಆಮೇಲೆ ಒಂದು ಗುರುವಾರ ಬಸ್ಸು ಬಂತು, ಡಬ್ಬಿ ಬರಲಿಲ್ಲ. ಯಾರೂ ಕೊಟ್ಟಿಲ್ಲರಿ ಎಂದ ಡ್ರೈವರ್. ಫೋನ್ ಮಾಡಿದರೆ ಮಾವ, ಅಂದರೆ ಅಕ್ಕನ ಗಂಡ, ಅವಳು ಬೀಗರ ಮನೆಗೆಂದು ಅಂಕಲಗಿಗೆ ಹೋಗಿದ್ದಾಳೆ ಎಂದರು. ಸೋಮವಾರವೂ ಅದೇ ಮಾತು. ಹೇಳದೆ ಕೇಳದೆ ಹೋದಳಲ್ಲ ಎಂದು ಸಿಟ್ಟು ಬಂತು. ಆದರೂ ಮುಂದಿನ ಗುರುವಾರ ಸ್ಟ್ಯಾಂಡಿಗೆ ಹೋದೆ. ಅಂದೂ ಡಬ್ಬಿ ಇರಲಿಲ್ಲ. ಅದೇ ಬಸ್ಸು ತಿರುಗಿ ಹೊರಟಾಗ ಹತ್ತಿ ಕೂತೆ.

ಅಕ್ಕ ಅಂಕಲಗಿಗೆ ಹೋಗಿರಲೇ ಇಲ್ಲ. ಲಕ್ವಾ ಹೊಡೆದಿತ್ತು. ದವಾಖಾನೆಯಿಂದ ಹಿಂದಿನ ದಿನವಷ್ಟೇ ಮನೆಗೆ ತಂದಿದ್ದರು. ತಮ್ಮ ಗಾಬರಿಯಾಗುತ್ತಾನೆ, ಹೇಳಬೇಡಿ ಎಂದು ಮಾವನಿಂದ ಭಾಷೆ ತಗೊಂಡಿದ್ದಳಂತೆ. ರೊಟ್ಟಿ ಬಡಿಯುವ ಬಲಗೈ ಚಾದರದ ಮೇಲೆ ಸುಮ್ಮನೆ ಬಿದ್ದಿತ್ತು. ನಾನು ಆ ಕೈಯನ್ನೇ ಹಿಡಿದು ಕೂತೆ. ಅದು ತಿರುಗಿ ನನ್ನ ಕೈ ಹಿಡಿಯಲಿಲ್ಲ.

ಎದುರು ಗೋಡೆಯ ಮಾಡದಲ್ಲಿ ಡಬ್ಬಿ ಇತ್ತು. ನಾನಿಟ್ಟ ಕರದಂಟು ಒಳಗೆ ಹಾಗೇ ಇತ್ತು, ಇರುವೆ ಹತ್ತಿತ್ತು. ಹೊರಡುವಾಗ ಅಕ್ಕ ಎಡಗೈಯಿಂದ ಅದನ್ನು ತೋರಿಸಿದಳು. ಮಾತು ತೊದಲುತ್ತಿತ್ತು.

“ಡಬ್ಬಿ ನೀನ ಒಯ್ಯೋ ತಮ್ಮಾ. ಕಣ್ಣಿಗೆ ಬಿದ್ರ ಕಳಸಬೇಕ ಅನಸ್ತೈತಿ. ಇನ್ನ ಬಸ್ಸಿಗೆ ಬರಬ್ಯಾಡ, ಮುಗೀತು.”

ಗೋಕಾಕಕ್ಕೆ ಬಂದು ಮೂರನೆಯ ಪದ ಸೇರಿಸಿದೆ. ಗೆಳೆಯ ಓಡಿಸಿ ನೋಡಿ, ಕಾಯುವ ಕೆಲಸಗಳೆಲ್ಲ ಈಗ ತಾವಾಗಿಯೇ ನಿಲ್ಲುತ್ತವೆ ಎಂದ. ಒಳ್ಳೆಯದಾಯಿತು ಎಂದೆ. ಗುರುವಾರ ಮುಂಜಾನೆ ಬಸ್ಸಿನ ಹೊತ್ತಿಗೆ ನಾನು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಬಾಗಿಲವರೆಗೆ ಹೋಗಿ ನಿಲ್ಲುತ್ತೇನೆ.