ನಾಲ್ಕು ಗಂಟೆಯ ಆಟ

ನಿಪ್ಪಾಣಿಯಲ್ಲಿ ನಮ್ಮ ಮನೆ ಒಂದು ಸಾಲೆಯ ಮೈದಾನಕ್ಕೆ ಹತ್ತಿಕೊಂಡೇ ಇತ್ತು. ಮೈದಾನದ ಮೂಲೆಯಲ್ಲಿ ಮುರುಮು ಮಣ್ಣು ಹಾಕಿ, ರೂಳು ಉರುಳಿಸಿ ಗಟ್ಟಿ ಮಾಡಿದ ಬಾಸ್ಕೆಟ್‌ಬಾಲ್ ಅಂಕಣ. ತೆಲಸಂಗದ ಒಣ ಹೊಲಗಳ ಕಡೆಯಿಂದ ಮದುವೆಯಾಗಿ ಬಂದ ನಾನು ಅಂಥ ಆಟವನ್ನು ಕಂಡಿರಲಿಲ್ಲ. ಕಂಬಕ್ಕೆ ಕಬ್ಬಿಣದ ಬಳೆ ಕಟ್ಟಿ ಅದರೊಳಗೆ ಚೆಂಡು ಹಾಕಲು ಇಷ್ಟು ದೊಡ್ಡ ಗಂಡಸರು ಬೆವರುತ್ತಾರಲ್ಲ ಎಂದು ನಗು ಬರುತ್ತಿತ್ತು. ನನ್ನ ಗಂಡ ನಗುತ್ತಿರಲಿಲ್ಲ. ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆ ನೋಡಿ ದರ್ಜೆ ಹಚ್ಚುವ ಕೆಲಸ ಅವರದು. ಸಂಜೆ ಮೈಮೇಲಿನ ಧೂಳು ಕೂಡ ತೊಳೆಯದೆ ಅಂಕಣದ ಅಂಚಿಗೆ ಹೋಗಿ ನಿಲ್ಲುತ್ತಿದ್ದರು. ತಾವು ಎಂದೂ ಆಡಿದವರಲ್ಲ.

ಆಟ ಮುಗಿದ ಮೇಲೆ ಮಾತು ನಮ್ಮ ಕಟ್ಟೆಗೆ ಬರುತ್ತಿತ್ತು. ಮೂವರು ಕೂಡುತ್ತಿದ್ದರು. ನನ್ನ ಗಂಡ, ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ಟೇಲರು, ಮತ್ತು ಅಥಣಿ, ರಾಯಬಾಗ, ಕೊಲ್ಹಾಪುರದ ಬಸ್ಸುಗಳಲ್ಲಿ ತಿರುಗುತ್ತಿದ್ದ ಒಬ್ಬ ಕಂಡಕ್ಟರು. ಬೇರೆ ಊರಿನ ಟೀಮುಗಳ ಸುದ್ದಿ ತರುವವರು ಕಂಡಕ್ಟರು. ಆ ಸುದ್ದಿಯನ್ನು ತಮ್ಮ ಕಡೆಗೆ ಎಳೆದುಕೊಂಡು ವಾದ ಮಾಡುವವರು ಉಳಿದಿಬ್ಬರು. ಗೆಳೆಯರಿಬ್ಬರೂ ವಹಿನಿ, ಅಂದರೆ ಅತ್ತಿಗೆ ಎಂದು ಕರೆಯುತ್ತಿದ್ದ ನಾನು ಒಳಗೆ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳುತ್ತಿದ್ದೆ. ಹಾಗೆ ಕೇಳಿ ಕೇಳಿಯೇ ಆ ಆಟ ನನಗೂ ತಿಳಿಯಿತು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಟೀಮು ಒಡೆದುಹೋಗಿತ್ತು. ಇಬ್ಬರು ಪೊಲೀಸ್ ಖಾತೆ ಸೇರಿ ಬೆಳಗಾವಿಗೆ ಹೋದರು. ಒಬ್ಬನನ್ನು ಇಚಲಕರಂಜಿಯ ಒಂದು ಮಿಲ್ಲಿನವರು ತಮ್ಮ ಟೀಮಿಗೆ ಆಡಲೆಂದೇ ಕೆಲಸ ಕೊಟ್ಟು ಕರೆದುಕೊಂಡರು. ನಾಯಕನಾಗಿದ್ದವನು ಮೊಣಕಾಲು ಮುರಿದುಕೊಂಡ. ಉಳಿದವರು ಕಾಲೇಜಿನ ಹುಡುಗರು, ಅವರಲ್ಲಿ ಒಬ್ಬ ಬಹಳ ಉದ್ದನೆಯವನು. ಗಡಿಯ ಆಚೀಚಿನ ಊರುಗಳೆಲ್ಲ ಸೇರಿ ಪ್ರತಿ ವರ್ಷ ದೀಪಾವಳಿಯ ನಂತರ ಆಡುತ್ತಿದ್ದ ಪಂದ್ಯಾವಳಿಯಲ್ಲಿ ಆ ಸಲ ಒಂದು ಆಟವನ್ನೂ ಗೆಲ್ಲಲಿಲ್ಲ. ಹಳೆಯ ಟೀಮು ಯಾವಾಗಲೂ ಕಡೇ ನಾಲ್ಕು ಟೀಮುಗಳಲ್ಲಿ ಇರುತ್ತಿತ್ತು.

ಸೋತು ಬಂದ ಸಂಜೆಯೇ ನನ್ನ ಗಂಡ ಮುಂದಿನ ವರ್ಷ ನಾವು ಕಡೇ ನಾಲ್ಕರಲ್ಲಿ ಇರುತ್ತೇವೆ ಎಂದರು. ಟೇಲರು ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು ಕೂತರು.

"ಲೇ, ಆ ಉದ್ದನ ಹುಡುಗನ ಚಡ್ಡಿ ಹೊಲದಾಂವ ನಾನು. ಅಂವನ ಸೊಂಟ ನನಗ ಗೊತ್ತೈತಿ. ಒಂದು ಡಿಕ್ಕಿ ಹೊಡದ್ರ ಕಂಬದ ಆಚಿ ಬೀಳ್ತಾನ."

"ನೀ ಹೊಲದ ಚಡ್ಡಿ ಹಾಕ್ಕೊಂಡು ಯಾಂವ ಓಡ್ಯಾನು," ಎಂದರು ಇವರು.

ಇಂಥ ಮಾತು ವರ್ಷಾನುಗಟ್ಟಲೆ ನಡೆದಿತ್ತು. ಟೇಲರು ಇಲ್ಲ ಎನ್ನುವುದು, ಇವರು ಹೌದು ಎನ್ನುವುದು. ಒಂದು ದಿನ ಟೇಲರು ಬರದಿದ್ದರೆ ಇವರಿಗೆ ಊಟ ಸೇರುತ್ತಿರಲಿಲ್ಲ.

ಇವರ ವಾದವೆಲ್ಲ ಒಬ್ಬ ಹುಡುಗನ ಮೇಲೆ ನಿಂತಿತ್ತು. ಹತ್ತಿರದ ಹಳ್ಳಿಯ ಜೈನ ರೈತರ ಮನೆಯವನು, ಕಾಲೇಜಿಗೆಂದು ದಿನಾ ಸೈಕಲ್ ಮೇಲೆ ಬರುತ್ತಿದ್ದ. ಎತ್ತರ ಬಹಳವಿಲ್ಲ. ಆದರೆ ಚೆಂಡು ಅವನ ಕೈಗೆ ಹೋಯಿತೆಂದರೆ ಉಳಿದ ನಾಲ್ವರು ತಮ್ಮ ತಮ್ಮ ಜಾಗ ಹಿಡಿಯುತ್ತಿದ್ದರು. ಅವನಿಗೆ ಒಂದು ವ್ರತವಿತ್ತು. ಹೊತ್ತು ಮುಳುಗಿದ ಮೇಲೆ ಅನ್ನವೂ ಇಲ್ಲ, ನೀರೂ ಇಲ್ಲ. ಬರೀ ಚಾತುರ್ಮಾಸದಲ್ಲಲ್ಲ, ವರ್ಷವಿಡೀ. ಅಜ್ಜಿ ದೇಹ ಬಿಡುವ ಮುಂಚೆ ಅವಳ ಮುಂದೆ ತೊಟ್ಟದ್ದಂತೆ. ಅದನ್ನು ಬಿಡು ಎಂದು ನಮ್ಮೂರಲ್ಲಿ ಯಾರೂ ಅವನಿಗೆ ಹೇಳಲಿಲ್ಲ. ಟೇಲರು ಕೂಡ ಹೇಳಲಿಲ್ಲ. ಆದರೆ ದೊಡ್ಡ ಆಟಗಳೆಲ್ಲ ಸಂಜೆ ದೀಪ ಹಚ್ಚಿದ ಮೇಲೆಯೇ ನಡೆಯುತ್ತಿದ್ದವು, ದುಡಿಯುವ ಮಂದಿ ಕೆಲಸ ಬಿಟ್ಟು ಬರಲಿ ಎಂದು. ಎರಡನೆಯ ಅರ್ಧದಲ್ಲಿ ಆ ಹುಡುಗನ ನಾಲಿಗೆ ಒಣಗಿ ಕಾಲು ಹಿಡಿದುಕೊಳ್ಳುತ್ತಿದ್ದವು. ಸೋತ ವರ್ಷ ಎರಡು ಆಟ ಹಾಗೇ ಹೋಗಿದ್ದವು.

ಮುಂದಿನ ಎರಡು ವರ್ಷ ಪಂದ್ಯಾವಳಿ ನಡೆಸುವ ಪಾಳಿ ನಿಪ್ಪಾಣಿಯದು. ಹಾಗಾದರೆ ಆಟದ ಹೊತ್ತು ನಮ್ಮ ಕೈಯಲ್ಲಿದೆ ಎಂಬುದು ಇವರ ಲೆಕ್ಕ. ನಮ್ಮ ಆಟ ನಾಲ್ಕು ಗಂಟೆಗೆ ಇಟ್ಟರೆ ಬಿಸಿಲಿರುವಾಗಲೇ ಮುಗಿಯುತ್ತದೆ, ಹುಡುಗ ನಡುವೆ ನೀರು ಕುಡಿಯುತ್ತಾನೆ, ಕಡೇ ನಾಲ್ಕು ನಮ್ಮದು.

ಆ ಬೇಸಿಗೆಯಲ್ಲಿ ಇವರ ಕೆಮ್ಮು ಹೆಚ್ಚಾಯಿತು. ಮಿರಜ್‌ಗೆ ಹೋಗಿ ತೋರಿಸಿಕೊಂಡು ಬಂದೆವು. ಡಾಕ್ಟರು ನನ್ನನ್ನು ಬೇರೆ ಕರೆದು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ನಾನು ಯಾರಿಗೂ ಹೇಳಲಿಲ್ಲ. ಆದರೆ ಇವರ ಮುಖ ನೋಡಿದವರಿಗೆ ಹೇಳುವ ಅಗತ್ಯವಿರಲಿಲ್ಲ. ವಖಾರಿಗೆ ಹೋಗುವುದು ನಿಂತಿತು. ಕಟ್ಟೆಯ ಮೇಲೆ ಹಾಸಿಗೆ ಹಾಕಿಕೊಟ್ಟೆ, ಅಲ್ಲಿಂದ ಅಂಕಣ ಕಾಣುತ್ತಿತ್ತು.

ಗೆಳೆಯರು ಮೊದಲಿಗಿಂತ ಹೆಚ್ಚು ಬರತೊಡಗಿದರು. ಟೇಲರು ಅಂಗಡಿ ಬೇಗ ಮುಚ್ಚಿ ಬಂದು ಕಾಲ ಬಳಿ ಕೂಡುತ್ತಿದ್ದರು. ಇವರು ಮುಂದಿನ ವರ್ಷದ ಮಾತು ತೆಗೆದರೆ ಹೌದು ಎನ್ನುತ್ತಿದ್ದರು. ಉದ್ದನೆಯ ಹುಡುಗ ಗಟ್ಟಿಯಾಗಿದ್ದಾನೆ ಎಂದರೆ ಅದಕ್ಕೂ ಹೌದು. ಕಂಡಕ್ಟರು ಚಿಕ್ಕೋಡಿಯ ಟೀಮಿನಲ್ಲಿ ಈ ಸಲ ದಮ್ಮಿಲ್ಲ ಎಂದು ಸುದ್ದಿ ತಂದರು. ಅದು ಸುಳ್ಳೆಂದು ಅವರ ಮುಖವೇ ಹೇಳುತ್ತಿತ್ತು.

ಒಂದು ಸಂಜೆ ಅವರು ಎದ್ದು ಹೋದ ಮೇಲೆ ಇವರು ನನ್ನನ್ನು ಕರೆದರು.

"ಟೇಲರ ನನ್ನ ಕೂಡ ಜಗಳ ಬಿಟ್ಟಾನ, ನೋಡಿದೇನು," ಎಂದರು. "ನಾ ಹೊಂಟೇನಿ ಅಂತ ಅಂವಗ ಗೊತ್ತಾಗೇತಿ."

ನಾನು ಅವರ ಹೊದಿಕೆ ಸರಿಮಾಡಿದೆ. ಆಗ ಅವರು, "ನೀನರ ವಾದ ಮಾಡು," ಎಂದರು.

ಹಾಗೆ ನಾನು ಟೇಲರ ಜಾಗಕ್ಕೆ ಬಂದೆ. ಗಂಜಿ ಕುಡಿಸುವಾಗ, ಬೆನ್ನು ತಿಕ್ಕುವಾಗ, ನಿಮ್ಮ ಟೀಮು ಕಡೇ ನಾಲ್ಕಕ್ಕೆ ಬರುವುದಿಲ್ಲ ಎನ್ನುತ್ತಿದ್ದೆ. ಉದ್ದನೆಯವನು ಮೊದಲ ಅರ್ಧದಲ್ಲೇ ಫೌಲು ಮಾಡಿ ಮಾಡಿ ಹೊರಗೆ ಹೋಗುತ್ತಾನೆ ಎನ್ನುತ್ತಿದ್ದೆ. ಚಿಕ್ಕೋಡಿಯವರು ನಸುಕಿನಲ್ಲೇ ಎದ್ದು ಓಡುತ್ತಾರಂತೆ ಎನ್ನುತ್ತಿದ್ದೆ. ಅವರ ಕಣ್ಣಿಗೆ ಜೀವ ಬರುತ್ತಿತ್ತು. ನನ್ನ ಒಂದೊಂದು ಮಾತನ್ನೂ ಹಿಡಿದು ಕೆಡವುತ್ತಿದ್ದರು, ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು, ನಾನು ಕಾಯುತ್ತಿದ್ದೆ. ನಮ್ಮ ಸಂಸಾರದಲ್ಲಿ ನಾವಿಬ್ಬರೂ ಅಷ್ಟು ಮಾತಾಡಿದ್ದು ಆ ತಿಂಗಳುಗಳಲ್ಲೇ.

ಕಂಡಕ್ಟರ ಹೆಗಲು ಹಿಡಿದುಕೊಂಡು ಅವರು ಪಂದ್ಯಾವಳಿಯ ಕಮಿಟಿಯವರನ್ನು ಕಂಡು ಬಂದರು. ನಾಲ್ಕು ಗಂಟೆಗೆ ಒಪ್ಪಿಸಿಕೊಂಡು ಬಂದಿದ್ದರು. ಗೆದ್ದವರ ಹಾಗೆ ಹಾಸಿಗೆಯ ಮೇಲೆ ಕೂತರು. ಆಗ ನಾನು, ವಾದಕ್ಕೆಂದೇ, ಒಂದು ಮಾತು ಹೇಳಿದೆ.

"ನಾಕ ಗಂಟೇಕ ಹೆಂಗ ಸುರು ಆಗತೈತ್ರಿ? ಸತ್ಕಾರ ಮಾಡದ ನಮ್ಮ ಮಂದಿ ಚೆಂಡು ಮುಟ್ಟಾಕ ಬಿಡತಾರೇನು?"

ನಮ್ಮ ಕಡೆ ಯಾವುದೇ ಕಾರ್ಯಕ್ರಮವಿದ್ದರೂ ಮೊದಲು ವೇದಿಕೆಯ ಮೇಲಿನವರಿಗೆಲ್ಲ ತಲೆಗೆ ಪಟಕಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಡಬೇಕು. ಸತ್ಕಾರ ಮಾಡಿಸಿಕೊಂಡವರು ಮಾತಾಡಬೇಕು. ಒಬ್ಬರನ್ನು ಬಿಟ್ಟರೂ ಮನಸ್ತಾಪ. ಇವರು, ಆ ದಿನ ಯಾರಿಗೂ ಸತ್ಕಾರ ಬೇಡವೆಂದು ಟೇಲರಿಗೆ ಹೇಳಿಡುತ್ತೇನೆ ಎಂದರು. ಮರುದಿನ ಹೇಳಿದರು. ಟೇಲರು ಎಂದಿನಂತೆ ಹೌದು ಎಂದರು.

ದೀಪಾವಳಿಗೆ ಮುಂಚೆಯೇ ನನ್ನ ಗಂಡ ತೀರಿಹೋದರು. ಮಧ್ಯಾಹ್ನ, ಹುಡುಗರು ಅಂಕಣದ ಗೆರೆಗಳಿಗೆ ಸುಣ್ಣ ಹಾಕುತ್ತಿದ್ದ ಹೊತ್ತು.

ಪಂದ್ಯಾವಳಿ ಬಂತು. ಮನೆಯಲ್ಲಿದ್ದರೂ ಎಲ್ಲ ನನಗೆ ಕೇಳುತ್ತಿತ್ತು. ನಮ್ಮ ಹುಡುಗರು ಅಥಣಿಯವರನ್ನು ಸೋಲಿಸಿದರು. ರಾಯಬಾಗದವರನ್ನೂ ಸೋಲಿಸಿದರು. ಚಿಕ್ಕೋಡಿಯವರ ಜೊತೆಗಿನ ಆಟ ಒಂದು ಉಳಿಯಿತು. ಅದು ಗೆದ್ದರೆ ಕಡೇ ನಾಲ್ಕು. ಆಟ ನಾಲ್ಕು ಗಂಟೆಗೇ ಇತ್ತು, ಕಮಿಟಿಯವರು ಮಾತು ಉಳಿಸಿಕೊಂಡಿದ್ದರು.

ಹಿಂದಿನ ದಿನ ಟೇಲರು ಮನೆಗೆ ಬಂದರು. ಆಟದ ಮೊದಲು ನನ್ನ ಗಂಡನಿಗೆ ಶ್ರದ್ಧಾಂಜಲಿ ಇಟ್ಟಿದ್ದೇವೆ, ನಾನು ಬರಲೇಬೇಕು ಎಂದರು. ಹುಡುಗರ ತೋಳಿಗೆ ಕಟ್ಟಲು ಕಪ್ಪು ಪಟ್ಟಿಗಳನ್ನು ತಾವೇ ಹೊಲಿದಿದ್ದರು. ಅವರ ಕಣ್ಣು ಕೆಂಪಾಗಿದ್ದವು. ಎರಡು ನಿಮಿಷದ ಮೌನವೆಂದು ತಿಳಿದು ಆಗಲಿ ಎಂದೆ.

ಹೋಗಿ ನೋಡಿದರೆ ವೇದಿಕೆ ಹಾಕಿದ್ದರು. ಕುರ್ಚಿಗಳ ಸಾಲು, ಮೈಕು, ಹಾರ ಹಾಕಿದ ಅವರ ಫೋಟೋ. ಅದರ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂಡಿಸಿದರು. ಶ್ರದ್ಧಾಂಜಲಿಗೆ ಬಂದ ಹಿರಿಯರನ್ನು ಬರಿಗೈಯಲ್ಲಿ ಕಳಿಸಲಾದೀತೇ ಎಂದು ಅವರಿಗೂ ಪಟಕಾ, ಕಾಯಿ. ಒಬ್ಬೊಬ್ಬರೂ ಎದ್ದು ಮಾತಾಡಿದರು, ಕನ್ನಡದಲ್ಲಿ ಕೆಲವರು, ಮರಾಠಿಯಲ್ಲಿ ಕೆಲವರು. ಇವರನ್ನು ಕಂಡೇ ಇರದವರೂ ಮಾತಾಡಿದರು. ನನಗೆ ಶಾಲು ಹೊದಿಸಿದರು. ಎರಡೂ ಟೀಮುಗಳು ಬಿಸಿಲಲ್ಲಿ ಸಾಲಾಗಿ ನಿಂತಿದ್ದವು.

ಎಲ್ಲರಿಗಿಂತ ಹೆಚ್ಚು ಮಾತಾಡಿದವರು ಟೇಲರು. ಗೆಳೆಯ ಹೇಳಿದ್ದೇ ಖರೆಯಾಯಿತು, ತಮ್ಮ ಮಾತು ಸುಳ್ಳಾಯಿತು ಎಂದು ಅತ್ತರು. ಇವರು ಆಡಿದ್ದ ಹಳೆಯ ಮಾತುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡರು. ಮಂದಿಯೂ ಅತ್ತರು. ನಾನು ಕಂಬದ ನೆರಳು ನೋಡುತ್ತಿದ್ದೆ. ಅದು ಸುಣ್ಣದ ಗೆರೆ ದಾಟಿ, ಅಂಕಣದ ನಡುವಿನವರೆಗೆ ಬಂದು, ಆಚೆ ಗೋಡೆ ಹತ್ತುತ್ತಿತ್ತು. ಹಿಂದೆ ನಿಂತಿದ್ದ ಕಂಡಕ್ಟರಿಗೆ, "ಹೊತ್ತು ಮುಳಗಾಕತ್ತೈತ್ರಿ," ಎಂದೆ.

"ಇನ್ನೊಬ್ಬರು ಉಳದಾರ್ರಿ ವಹಿನಿ," ಎಂದರು ಅವರು. "ಆತು, ಮುಗೀತು."

ಅಷ್ಟರಲ್ಲಿ ಜೈನರ ಹುಡುಗ ಸಾಲು ಬಿಟ್ಟು ಬಂದು, ತಂಬಿಗೆ ಎತ್ತಿ, ಪಡುವಣ ದಿಕ್ಕಿಗೆ ಒಂದು ಸಲ ನೋಡಿ, ನಿಂತಲ್ಲೇ ಪೂರ್ತಿ ಕುಡಿದ. ಬಾಯಿ ಒರೆಸಿಕೊಂಡು ಮತ್ತೆ ಸಾಲಿಗೆ ಹೋದ. ದೀಪಗಳು ಹತ್ತಿದವು.

ಮೊದಲ ಅರ್ಧದಲ್ಲಿ ನಮ್ಮವರು ಮುಂದಿದ್ದರು. ನಡುವೆ ಎಲ್ಲರೂ ನೀರು ಕುಡಿಯುವಾಗ ಅವನು ಒದ್ದೆ ಬಟ್ಟೆಯನ್ನು ಕುತ್ತಿಗೆಗೆ ಒತ್ತಿಕೊಂಡು ಕೂತಿದ್ದ. ಎರಡನೆಯ ಅರ್ಧದಲ್ಲಿ ಅವನ ಮೀನಖಂಡ ಹಿಡಿದವು. ಬಿದ್ದ, ತಿಕ್ಕಿಸಿಕೊಂಡು ಎದ್ದ, ಮತ್ತೆ ಬಿದ್ದ. ಹೊತ್ತುಕೊಂಡು ಹೊರಗೆ ತಂದರು. ಚೆಂಡು ಯಾರಿಗೆ ಕೊಡಬೇಕೆಂದು ಉಳಿದವರಿಗೆ ತಿಳಿಯಲಿಲ್ಲ. ಶಾಲು ಹೊದ್ದು ಫೋಟೋದ ಪಕ್ಕದಲ್ಲಿ ಕೂತು ನಾನು ಕೊನೆಯವರೆಗೂ ನೋಡಿದೆ.

ಮರುದಿನ ಟೇಲರೂ ಕಂಡಕ್ಟರೂ ಕಟ್ಟೆಗೆ ಬಂದು ಕೂತರು. ಯಾಕೆ ಸೋತೆವು ಎಂಬ ಮಾತು. ರೆಫರಿ ಆಚೆಯವರ ಕಡೆ ಇದ್ದ ಎಂದರು ಕಂಡಕ್ಟರು. ಉದ್ದನೆಯವನ ಫೌಲುಗಳು ಎಂದರು ಟೇಲರು. ಇವರ ಹಾಸಿಗೆ ಇದ್ದ ಜಾಗ ಬಿಟ್ಟು ಕೂತಿದ್ದರು. ನಾನು ಚಹಾ ತಂದಿಟ್ಟೆ.

"ನೀವ ಏನಂತೀರಿ, ವಹಿನಿ? ಭಾವು ಇದ್ದಿದ್ರ ಏನಂತಿದ್ದಾ?" ಎಂದರು ಕಂಡಕ್ಟರು.

"ಮುಂದಿನ ವರ್ಷ ನಾಕ ಗಂಟೇಕ ಸುರು ಮಾಡ್ರಿ," ಎಂದೆ.

ಟೇಲರ ಕೈಯಲ್ಲಿದ್ದ ಕಪ್ಪು ಅಲ್ಲೇ ನಿಂತಿತು. ಕಂಡಕ್ಟರು ಮೈದಾನದ ಕಡೆ ಮುಖ ತಿರುಗಿಸಿದರು. ನಾನು ಅದನ್ನು ಸಿಟ್ಟಿನಿಂದ ಹೇಳಿರಲಿಲ್ಲ. ಇವರು ಮಾತು ತೆಗೆಯುತ್ತಿದ್ದ ಹಾಗೆಯೇ, ವಾದಕ್ಕೆ ಕರೆದ ಹಾಗೆ ಹೇಳಿದ್ದೆ. ಟೇಲರು ಏನಾದರೂ ಅನ್ನಲಿ, ಇಲ್ಲವೆನ್ನಲಿ, ನನ್ನನ್ನೇ ಬೈಯಲಿ ಎಂದು ಬಾಗಿಲಲ್ಲಿ ನಿಂತು ಕಾದೆ.

ಅವರು ಕಪ್ಪು ಕೆಳಗಿಟ್ಟು, "ಹೌದ್ರಿ ವಹಿನಿ," ಎಂದರು.